ಮರಳುಗಾಡಿನ ಖಾಲಿ ತೊಟ್ಟಿಲು

ದುಃಖವಾದವರು ಒಂದು ಮೂಲೆ ಹಿಡಿದು ಕೂರುತ್ತಾರೆ, ಅವರಿಂದ ಯಾರಿಗೂ ಉಪದ್ರವಿಲ್ಲ. ಸಂತೋಷವಾದವರಿಂದಲೇ ಲೋಕಕ್ಕೆ ಹಾನಿ ಹೆಚ್ಚು. ಇದನ್ನು ತಿಳಿಯಲು ನಾನು ಒಮಾನಿಗೆ ಬಂದು, ಮರಳಿನ ಮೇಲೆ ಮಣೆ ಹಾಕಿಕೊಂಡು ಕೂರಬೇಕಾಯಿತು.

ನನ್ನ ಮೊಮ್ಮಗಳು ಶ್ರಾವ್ಯ ಕಬ್ಬಿಣದಲ್ಲಿ ಕಲೆ ಮಾಡುವವಳು. ನಮ್ಮ ಕಟ್ಟಡದಲ್ಲಿರುವ ಉಡುಪಿಯ ಹೆಂಗಸರು "ಮೊಮ್ಮಗಳಿಗೆ ಎಂತ ಕೆಲಸ?" ಎಂದು ಕೇಳಿದರೆ, "ದೊಡ್ಡ ದೊಡ್ಡದು ಮಾಡ್ತಾಳೆ" ಎನ್ನುತ್ತಿದ್ದೆ. ಅದಕ್ಕಿಂತ ಹೆಚ್ಚು ನನಗೂ ತಿಳಿದಿರಲಿಲ್ಲ. ಈ ಸಲ ಮರುಭೂಮಿಯ ಕಲಾ ಉತ್ಸವಕ್ಕೆಂದು ಅವಳು ತೊಟ್ಟಿಲು ಮಾಡಿದಳು. ಮಸ್ಕತ್ತಿನ ವಾದಿ ಅದಾಯಿಯಲ್ಲಿ ಅವಳಪ್ಪನ, ಎಂದರೆ ನನ್ನ ಮಗನ, ವರ್ಕ್‌ಶಾಪಿನಲ್ಲಿ ಪೈಪು ಬಗ್ಗಿಸಿ, ಮನೆಯಷ್ಟು ಎತ್ತರದ ಚೌಕಟ್ಟಿಗೆ ಕೈಗೆಟಕುವ ಹಾಗೆ ತೂಗುಹಾಕಿದ ತೊಟ್ಟಿಲು. ಯಾರಾದರೂ ಒಳಗೆ ಕೂತು ತೂಗಿಕೊಂಡರೆ ಸುತ್ತಲಿನ ದೀಪ ಹತ್ತಿ, ಜೋಗುಳ ಕೇಳಿಸಬೇಕು. ಮಗು ಹುಟ್ಟಿದ ಸುದ್ದಿಯನ್ನು ಫೋನಿನಲ್ಲೇ ಕೇಳಿ, ಮುಖ ನೋಡಲು ವರ್ಷಗಟ್ಟಲೆ ಕಾದ ಕೆಲಸಗಾರರಿಗಾಗಿ ಇದು ಎಂದಳು. ಅವರವರ ಭಾಷೆಯ ಜೋಗುಳಗಳನ್ನೆಲ್ಲ ತುಂಬಿಸಿದ್ದಳು. ತುಳುವಿನದಕ್ಕೆ ನನ್ನ ಸ್ವರ. ಆ ದಿನದಿಂದ ನನ್ನ ಕಾಲು ನೆಲಕ್ಕೆ ತಾಗಿದ್ದೇ ಇಲ್ಲ.

ಉದ್ಘಾಟನೆಯ ಸಂಜೆ ಉತ್ಸವದವರು ಎಲ್ಲವನ್ನೂ ನೋಡಿ, ಒಂದನ್ನು ಮಾತ್ರ ಆರಿಸಿ ಮಸ್ಕತ್ತಿನ ಪಾರ್ಕಿನಲ್ಲಿ ಕಾಯಂ ನಿಲ್ಲಿಸುವುದೆಂದಿತ್ತು. ಉಳಿದವನ್ನು ಬಿಚ್ಚಿ ಲಾರಿಗೆ ಹಾಕುವುದು. ಶ್ರಾವ್ಯ ಊಟ, ನಿದ್ರೆ ಎಲ್ಲ ಬಿಟ್ಟದ್ದು ಆ ಪಾರ್ಕಿನ ಆಸೆಗೆ. ಅವಳ ಜನರಿಗೆ ಗಂಜಿ, ಚಟ್ನಿ ಮಾಡಿ ಹಾಕಲು ಎಂದು ನಾನೂ ಹೊರಟೆ. ಮಿಕ್ಸಿ ಚಟ್ನಿ ನನಗೆ ಸೇರದು. ಪುಟ್ಟ ಒರಳು, ಗುಂಡುಕಲ್ಲು ಎರಡೂ ಕಾರಿನಲ್ಲಿ ಬಂದವು.

ಉದ್ಘಾಟನೆಯ ಮಧ್ಯಾಹ್ನ ಶ್ರಾವ್ಯ, ಎಲೆಕ್ಟ್ರಿಷಿಯನ್ ಸಾಜಿದ್, ಎಲ್ಲರೂ ಸ್ನಾನ ಮಾಡಿ ಬಟ್ಟೆ ಬದಲಿಸಲು ದೂರದ ಡೇರೆಗಳಿಗೆ ಹೋದರು. ಧೂಳು ಕವಿದು ಆಕಾಶ ಬೂದಿ ಬಳಿದ ಹಾಗಿತ್ತು. ಗಾಳಿ ಬಂತು. ತೊಟ್ಟಿಲು ತನ್ನಷ್ಟಕ್ಕೆ ತೂಗತೊಡಗಿತು. ಖಾಲಿ ತೊಟ್ಟಿಲು! ನಮ್ಮಲ್ಲಿ ಖಾಲಿ ತೊಟ್ಟಿಲು ತೂಗಿದರೆ ಮನೆಯ ಮಕ್ಕಳಿಗೆ ಒಳ್ಳೆಯದಲ್ಲ. ನಮ್ಮ ಮನೆಯ ಮಗು ಎಂದರೆ ಶ್ರಾವ್ಯಳೇ ಅಲ್ಲವೇ? ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಮೊದಲು ಗುಂಡುಕಲ್ಲನ್ನು ಮಲಗಿಸುವುದು ಕ್ರಮ, ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಎಂದು. ನಾನು ಚಟ್ನಿಯ ಗುಂಡುಕಲ್ಲನ್ನು ತೊಳೆದು, ಕುಂಕುಮ ಹಚ್ಚಿ, ಶಾಲಿನಲ್ಲಿ ಸುತ್ತಿ ಒಳಗೆ ಮಲಗಿಸಿದೆ.

ಕೂಡಲೇ ತೊಟ್ಟಿಲು ಹಾಡಿತು! ಹಸುಗೂಸು ಮಲಗಿದರೂ ಹಾಡಬೇಕೆಂದು ಅವಳು ಅಷ್ಟು ನಾಜೂಕಾಗಿ ಮಾಡಿಟ್ಟಿದ್ದಳು. ಮಲಯಾಳ, ಅರಬ್ಬಿ, ಬಂಗಾಳಿ, ಆಮೇಲೆ ನಾನು. ಗಾಳಿ ತೂಗುತ್ತಲೇ ಇತ್ತು. ಸಂಜೆಯವರೆಗೂ ಒಬ್ಬಳೇ ಕೂತು ಕೇಳಿದೆ. ನನ್ನ ಸರದಿ ಬಂದಾಗಲೆಲ್ಲ ಕಣ್ಣೊರೆಸಿಕೊಂಡೆ. ಕಡೆಕಡೆಗೆ ನನ್ನ ಸ್ವರ ಸಣ್ಣಗಾಗುತ್ತ ಬಂತು. ಪಾಪ, ದಣಿದಿರಬೇಕು ಎಂದುಕೊಂಡೆ.

ಸಾಜಿದ್ ಬಂದವನೇ ಕೆಳಗಿನ ಪೆಟ್ಟಿಗೆ ತೆರೆದು ನೋಡಿ, "ಅಮ್ಮಾಜಿ, ಬ್ಯಾಟರಿ ಖಲಾಸ್!" ಎಂದ. ಬಿಸಿಲಿಲ್ಲದ ದಿನ ಸೋಲಾರಿನಿಂದ ಏನೂ ತುಂಬಿರಲಿಲ್ಲ, ಇದ್ದುದೆಲ್ಲ ಮಧ್ಯಾಹ್ನದಿಂದ ಹಾಡಿ ಹಾಡಿಯೇ ಖರ್ಚಾಗಿತ್ತು. ಶ್ರಾವ್ಯ ತೊಟ್ಟಿಲೊಳಗೆ ಕೈ ಹಾಕಿ ಶಾಲು ಬಿಡಿಸಿದಳು.

"ಅಜ್ಜಿ, ಇದೆಂತ?"

"ಗುಂಡುಕಲ್ಲು ಮಗಾ. ಖಾಲಿ ತೂಗ್ತಿತ್ತು, ಹಾಗೆ..."

"ಸೀರಿಯಸ್ಲಿ, ಅಜ್ಜಿ? ಕುಂಕುಮ ಬೇರೆ!"

ಬೇರೆ ಬ್ಯಾಟರಿ ತರಲು ಸಾಜಿದ್ ಓಡಿದ. ಅವನು ಬರುವ ಮೊದಲೇ ಉತ್ಸವದ ಅಧಿಕಾರಿ ಹೆಂಗಸು ಅತಿಥಿಗಳೊಂದಿಗೆ ಬಂದಳು. ಒಂದು ಮಗುವನ್ನು ಒಳಗೆ ಕೂರಿಸಿ ತೂಗಿದರು. ಕಿರ್ರ್ ಎಂದಿತು, ಅಷ್ಟೇ. "ಮಾಶಾಅಲ್ಲಾ, ತುಂಬ ದೊಡ್ಡದು" ಎಂದಳು ಆ ಪುಣ್ಯಾತ್ಗಿತ್ತಿ, ಮತ್ತೆ ಪಕ್ಕದಲ್ಲಿ ಇನ್ನಾರೋ ಕನ್ನಡಿ ಚೂರುಗಳಿಂದ ಮಾಡಿ ನಿಲ್ಲಿಸಿದ್ದ ಒಂಟೆಯ ಕಡೆ ನಡೆದಳು. ಪಾರ್ಕು ಒಂಟೆಯ ಪಾಲಾಯಿತು. ಶ್ರಾವ್ಯ ನನ್ನನ್ನು ಬೈಯಲಿಲ್ಲ. ತಾನೇ ಸ್ಪ್ಯಾನರ್ ಹಿಡಿದು ತೊಟ್ಟಿಲು ಬಿಚ್ಚತೊಡಗಿದಳು. ಹಿಂದೆ ಬರುವಾಗ ಲಾರಿಯಲ್ಲಿ ಪೈಪುಗಳು ದಾರಿಯುದ್ದಕ್ಕೂ ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಅಷ್ಟರ ನಡುವೆಯೂ, ಇಷ್ಟು ದೊಡ್ಡದಾಗಿ ಸೋಲಲು ನಮ್ಮ ಮನೆತನದಲ್ಲಿ ಇದುವರೆಗೆ ಯಾರಿಗೆ ಆಗಿತ್ತು ಎಂದು ನನಗೆ ಒಳಗೊಳಗೇ ಹೆಮ್ಮೆ. ನಾಚಿಕೆಯಿಲ್ಲದ ಮುದುಕಿ.

ತೊಟ್ಟಿಲಿನ ಕೆಲವು ಪೈಪುಗಳು ಈಗಾಗಲೇ ಯಾರದೋ ನೀರಿನ ಟ್ಯಾಂಕಿಗೆ ಕಾಲಾಗಿವೆ. ಉಳಿದವು ವರ್ಕ್‌ಶಾಪಿನ ಹಿಂದೆ ಧೂಳು ತಿನ್ನುತ್ತ ಬಿದ್ದಿದ್ದವು. ಮೊನ್ನೆ ಶ್ರಾವ್ಯ ಅವನ್ನು ಎಳೆಸಿ ಒಳಗೆ ಹಾಕಿಸಿದಳು.

"ಇದರಲ್ಲಿ ಎಂತ ಮಾಡ್ತಿ ಮಗಾ?" ಎಂದು ಮೆತ್ತಗೆ ಕೇಳಿದೆ.

"ಹೊಸ್ತಿಲು, ಅಜ್ಜಿ. ಮುಂದಿನ ಉತ್ಸವಕ್ಕೆ ದೊಡ್ಡ ಹೊಸ್ತಿಲು. ಜನ ಅದನ್ನು ತುಳಿದು ನಿಲ್ಲಬೇಕು, ಆಗ ಅದು ಮಾತಾಡ್ತದೆ."

ಹೊಸ್ತಿಲನ್ನು ತುಳಿಯುವುದಂತೆ! ಅವಳು ನನ್ನ ಮುಖವನ್ನೇ ನೋಡಿದಳು. "ಅಜ್ಜಿ, ಈ ಸಲ ನೀವು ಬರುವುದು ಬೇಡ."

"ಯಾಕೆ ಮಾರಾಯ್ತಿ, ನಾನು ಅಲ್ಲಿ ಬಂದು ಎಂತ ಮಾಡ್ತೇನೆ?" ಎಂದೆ. ಅಷ್ಟು ಉದ್ದದ ಹೊಸ್ತಿಲಿಗೆ ಬಳಿಯಲು ಅರಸಿನ ಎಷ್ಟು ಬೇಕಾದೀತು ಎಂದು ಯೋಚಿಸುತ್ತಲೇ.