ಪ್ಲೈವುಡ್ಡಿನ ಕೊರಳಪಟ್ಟಿ

ತನ್ನ ಕೈ ಬಿದ್ದ ಮೇಲೆ ಅಲ್ಲಾಡುವ ವಸ್ತು ಈ ಭೂಮಂಡಲದಲ್ಲಿ ಇರಕೂಡದು ಎಂಬುದು ಬಡಗಿ ಮೇಸ್ತ್ರಿಯ ಪ್ರತಿಜ್ಞೆ. ಕುರ್ಚಿ, ಕಿಟಕಿ, ಮೇಜು ಎಲ್ಲವೂ ಅದಕ್ಕೆ ಶರಣಾಗಿದ್ದವು. ಉಳಿದದ್ದು ಅವನದೇ ಕತ್ತು. ಸ್ಟೂಲಿನಿಂದ ಜಾರಿ ಉಳುಕಿಸಿಕೊಂಡಿದ್ದಕ್ಕೆ ಡಾಕ್ಟರು ಸ್ಪಂಜಿನ ಪಟ್ಟಿ ಕಟ್ಟಿ, "ಕತ್ತು ಅಲ್ಲಾಡಿಸಬೇಡಿ. ನೋವು ಇಳಿದ್ರೆ ಸೋಮವಾರ ಕೆಲಸಕ್ಕೆ ಹೋಗಬಹುದು" ಎಂದಿದ್ದರು.

ಸೋಮವಾರ ಶಾಲೆಯ ಮರದ ಮೆಟ್ಟಿಲು ಕೂರಿಸಬೇಕಿತ್ತು. ಇವನು ಹೋಗದಿದ್ದರೆ ಆ ಕೆಲಸ ಭಾವಮೈದುನನ ಪಾಲು. ಆ ಮಹಾನುಭಾವ ಸಂದಿ ಬಿಟ್ಟಲ್ಲೆಲ್ಲ ಮರದ ಹೊಟ್ಟಿಗೆ ಅಂಟು ಕಲಸಿ ಮೆತ್ತಿ, ಮೇಲೆ ಬಣ್ಣ ಬಳಿದು ಕೈ ತೊಳೆದುಕೊಳ್ಳುವವನು. ಮಕ್ಕಳು ಹತ್ತುವ ಮೆಟ್ಟಿಲಿಗೂ ಅದೇ ಗತಿಯಾಗುತ್ತದಲ್ಲಾ ಎಂದು ಮೇಸ್ತ್ರಿಗೆ ಹೊಟ್ಟೆಯಲ್ಲಿ ಬೆಂಕಿ.

ಆದರೆ ಪಟ್ಟಿ ಕಟ್ಟಿದ ಗಳಿಗೆಯಿಂದ ತಲೆಯೊಳಗೊಂದು ಹುಳ ಕೊರೆಯತೊಡಗಿತ್ತು: ಇಷ್ಟು ಮೆತ್ತಗಿರುವುದು ಏನನ್ನು ಹಿಡಿದೀತು?

ಟೋಪಿಯ ಮುಂದಕ್ಕೆ ಪೆನ್ಸಿಲು ಸಿಕ್ಕಿಸಿ, ಗೋಡೆಗೆ ಹಲಗೆ ಒರಗಿಸಿ, ಪಟ್ಟಿ ಬಿಚ್ಚಿ ಕತ್ತು ಆಡಿಸಿದ. ಹಲಗೆಯ ಮೇಲೆ ಉದ್ದನೆಯ ಗೆರೆ ಮೂಡಿತು. ಪಟ್ಟಿ ಕಟ್ಟಿಕೊಂಡು ಮತ್ತೆ ಆಡಿಸಿದ. ಈ ಗೆರೆ ಇಷ್ಟೇ ಇಷ್ಟು ಗಿಡ್ಡ.

"ಏನ್ರೀ ಇದು, ಅಲ್ಲಾಡಿಸಬೇಡಿ ಅಂದ ಕತ್ತನ್ನೇ ಅಲ್ಲಾಡಿಸ್ತಿದ್ದೀರಲ್ಲ" ಎಂದಳು ಹೆಂಡತಿ.

"ಅಲ್ಲಾಡುತ್ತೋ ಇಲ್ವೋ ನೋಡ್ಬೇಕಾದ್ರೆ ಅಲ್ಲಾಡಿಸದೆ ಹೇಗೆ ನೋಡ್ಲಿ?"

"ನೋಯ್ತಿಲ್ವಾ?"

"ನೋಯ್ತಿದೆ. ಅದಕ್ಕೇ ಹೇಳ್ತಿರೋದು, ಇದು ಪಟ್ಟಿ ಅಲ್ಲ, ದಿಂಬು."

ಸಂಜೆಯೊಳಗೆ ಪ್ಲೈವುಡ್ಡಿನ ಪಟ್ಟಿ ಸಿದ್ಧವಾಯಿತು. ಗಲ್ಲದಿಂದ ಎದೆಯವರೆಗೆ ಪೆಟ್ಟಿಗೆಯಂಥದ್ದು. ಪಕ್ಕಕ್ಕೆ ಕೀಲು, ಹಿಂದೆ ಕೊಂಡಿ, ಒಳಗೆ ಹಳೇ ಕಂಬಳಿಯ ತುಂಡು. ತೊಟ್ಟುಕೊಂಡು ಪೆನ್ಸಿಲ್ ಪರೀಕ್ಷೆಗೆ ನಿಂತ. ಗೆರೆಯಿಲ್ಲ. ಬರೀ ಚುಕ್ಕಿ.

"ನೋಡು, ಒಂದೇ ಚುಕ್ಕಿ" ಎಂದ, ಹಲ್ಲು ಕಚ್ಚಿಕೊಂಡೇ. ಗಲ್ಲ ಇಳಿಯಲು ಜಾಗವೆಲ್ಲಿ?

"ನಾನು ನೋಡ್ದೆ. ನಿಮ್ಮ ಕಾಲ ಹತ್ರ ಅಂಟಿನ ಡಬ್ಬಿ ಇದೆ, ನೀವು ನೋಡಿದ್ರಾ?"

ನೋಡಬೇಕಾದರೆ ಕತ್ತು ಬಗ್ಗಬೇಕು. ಬಗ್ಗಲಿಲ್ಲ, ಅಷ್ಟು ಭದ್ರವಾದ ಕೆಲಸ. ಎತ್ತಿಟ್ಟ ಕಾಲು ಸೀದಾ ಡಬ್ಬಿಯೊಳಗೆ ಹೋಯಿತು. ಮೇಸ್ತ್ರಿ ಕಡಿದ ಮರದ ಹಾಗೆ ಇಡಿಯಾಗಿ ಉರುಳಿದ. ಕತ್ತು ಕೂದಲೆಳೆಯಷ್ಟೂ ಅಲುಗಲಿಲ್ಲ. ಸೊಂಟ ಮಾತ್ರ ಹಿಡಿದುಕೊಂಡಿತು.

ಆಸ್ಪತ್ರೆಯಲ್ಲಿ ಡಾಕ್ಟರು ಮರದ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಕೆಲಸ ಚೆನ್ನಾಗಿದೆ ಮೇಸ್ತ್ರಿಗಳೇ. ಆದ್ರೆ ನಿಮ್ಮ ಉಳುಕಿಗೆ ಇಷ್ಟು ಬಿಗಿ ಬೇಕಿರ್ಲಿಲ್ಲ. ಸ್ಪಂಜಿನ ಪಟ್ಟಿ ಕತ್ತನ್ನ ಅಷ್ಟೇನೂ ಹಿಡಿಯಲ್ಲ. ಅಲ್ಲಾಡಿಸಬೇಡಪ್ಪ ಅಂತ ನೆನಪು ಮಾಡುತ್ತೆ, ಅಷ್ಟೇ."

"ನೆನಪು ಮಾಡೋಕಾ?" ಹೆಂಡತಿ ಮುಂದೆ ಬಂದಳು. "ಮತ್ತೆ ನಾನು ಬೆಳಗಿಂದ ಮಾಡ್ತಿದ್ದಿದ್ದೇನು ಡಾಕ್ಟ್ರೇ?" ಆಮೇಲೆ ಗಂಡನ ಕಡೆ ತಿರುಗಿ, "ನನ್ನ ತಮ್ಮನಿಗೆ ಫೋನ್ ಮಾಡಿದ್ದೀನಿ. ಸೋಮವಾರ ಮೆಟ್ಟಿಲಿಗೆ ಅವನೇ ಹೋಗ್ತಾನೆ" ಎಂದಳು.

ಹೊಟ್ಟು ಮೆತ್ತಿದ ಮೆಟ್ಟಿಲುಗಳು ಮೇಸ್ತ್ರಿಯ ಕಣ್ಣಮುಂದೆ ಸಾಲಾಗಿ ಹಾದುಹೋದವು. ಡಾಕ್ಟರು ಅವನ ಸೊಂಟಕ್ಕೆ ಅಗಲವಾದ ಪಟ್ಟಿಯೊಂದನ್ನು ಬಿಗಿದರು. ಇದಾದರೂ ಎಷ್ಟು ಹಿಡಿಯುತ್ತದೆ ಎಂದು ಕೇಳಲು ಅವನು ಬಾಯಿ ತೆರೆದ. ಹೆಂಡತಿಯ ಮುಖ ಕಂಡಿತು. ಮುಚ್ಚಿಕೊಂಡ.

ಸೊಂಟಕ್ಕೆ ಕಟ್ಟಿದ ಪಟ್ಟಿ ಬಾಯಿಯನ್ನು ಹಿಡಿದದ್ದು ವೈದ್ಯಶಾಸ್ತ್ರದಲ್ಲಿ ಇದೇ ಮೊದಲಿರಬೇಕು.