ಬಗ್ಗಿದಲ್ಲಿ ಅಂಟಿದ ಅಯಸ್ಕಾಂತ

ನನ್ನ ನೆನಪನ್ನು ನಾನು ನಂಬುವುದಿಲ್ಲ. ಪ್ರತಿ ಸಲವೂ ಅದು ನನ್ನನ್ನು ಇನ್ನಷ್ಟು ಬುದ್ಧಿವಂತನನ್ನಾಗಿ ತೋರಿಸುತ್ತದೆ. ಆದ್ದರಿಂದ ಇಲ್ಲಿ ನಾನು ಜಾಣನಂತೆ ಕಂಡ ಕಡೆಯೆಲ್ಲ ನೀವು ಅನುಮಾನಪಡಬೇಕು. ಅಂಥ ಜಾಗ ಹೆಚ್ಚಿಲ್ಲ.

ಬೈಂದೂರಿನ ಶಾಲೆಯಲ್ಲಿ ವರ್ಷಗಟ್ಟಲೆ ವಿಜ್ಞಾನ ಕಲಿಸಿದವನು ನಾನು. ನಿವೃತ್ತನಾದರೂ ಜೇಬಿನಲ್ಲೊಂದು ಅಯಸ್ಕಾಂತ ಉಳಿದಿದೆ. ಪಾತ್ರೆ ಅಂಗಡಿಗೆ ಹೋದರೆ ಮೊದಲು ಅದನ್ನು ತಾಗಿಸುವುದು, ಅಂಟಿದರೆ ಒಳ್ಳೆಯ ಸ್ಟೀಲಲ್ಲ ಎಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳುವುದು. ಹೆಂಡತಿಯ ತಮ್ಮ ರಾಘು ಹೆಮ್ಮಾಡಿಯಲ್ಲಿ ಸ್ಟೀಲ್ ಕೆಲಸದ ವರ್ಕ್‌ಶಾಪ್ ಇಟ್ಟಿದ್ದಾನೆ. ನಮ್ಮ ಮೆಟ್ಟಿಲಿಗೆ ಅವನು ರೇಲಿಂಗ್ ಕೂರಿಸಿ ಹೋದದ್ದೇ ತಡ, ಪರೀಕ್ಷೆ ನಡೆಯಿತು. ನೇರವಾಗಿದ್ದ ಕಡೆ ಅಯಸ್ಕಾಂತ ಜಾರಿ ಬಿತ್ತು. ಬಗ್ಗಿಸಿದ ತಿರುವಿನಲ್ಲಿ ಮಾತ್ರ ಮೆಲ್ಲಗೆ ಅಂಟಿಕೊಂಡಿತು. ತಿರುವಿಗೆ ಕಳಪೆ ತುಂಡು ಸೇರಿಸಿದ್ದಾನೆಂದು ತೀರ್ಮಾನಿಸಿದೆ. ಗಂಗೊಳ್ಳಿಯಲ್ಲಿ ಬಂಗುಡೆ ಕೊಳ್ಳುವಾಗ ಮೀನು ಮಾರುವ ಲಚ್ಚಮ್ಮನಿಗೆ ಅದನ್ನು ಗುಟ್ಟಾಗಿ ಹೇಳಿದೆ. ವಾರದೊಳಗೆ ಗಿರಾಕಿಗಳು ಅಯಸ್ಕಾಂತ ಹಿಡಿದೇ ವರ್ಕ್‌ಶಾಪಿಗೆ ಬರತೊಡಗಿದರು. ಗೇಟು ಮಾಡಲು ಹೇಳಿದ್ದವರೊಬ್ಬರು ಬೇಡವೆಂದು ಹೋದರು. ಮನೆಯಲ್ಲಿ ನನ್ನ ತಟ್ಟೆಗೆ ಬಂಗುಡೆಯ ಸಾರು ಬಂತು, ಬಂಗುಡೆ ಬರಲಿಲ್ಲ.

ರಾಘು ಕರೆಸಿದ. ಅವನು ಕೂಗಾಡಿದನೆಂದು ನನ್ನ ನೆನಪು. ಚಾ ಕೊಟ್ಟನೆಂದು ಹೆಂಡತಿ ಹೇಳುತ್ತಾಳೆ. ಸ್ಟೀಲಿನ ಪಟ್ಟಿಯೊಂದನ್ನು ನನ್ನ ಕೈಗೆ ಕೊಟ್ಟ. ಅಯಸ್ಕಾಂತ ಅಂಟಲಿಲ್ಲ. ಅದೇ ಪಟ್ಟಿಯನ್ನು ಬಗ್ಗಿಸಿ, "ಈಗ ಹಿಡ್ದ್ ಕಾಣಿ ಭಾವ" ಎಂದ. ಅಂಟಿತು.

"ಎಳ್ದ್ ಬಗ್ಗ್ಸ್ರೆ ಒಳ್ಗಿನ್ ಗುಣವೇ ಬದ್ಲಾತ್ತ್. ಹಾಂಗ್ ಬದ್ಲಾಪುದ್ಕೇ ಬಿರ್ಕ್ ಬಿಟ್ರೂ ಮುಂದ್ ಹೋತಿಲ್ಲ. ನೀವ್ ಮಕ್ಳಿಗ್ ಎಂತ ಕಲ್ಸಿದ್ರಿ?"

ಮತ್ತೊಂದು ಪಟ್ಟಿಯ ಅಂಚಿಗೆ ಗರಗಸದಿಂದ ಗೀರು ಹಾಕಿ ಎಳೆದು ಬಗ್ಗಿಸಿದ. ಬಿರುಕು ಒಂದಿಷ್ಟು ಬಾಯಿ ತೆರೆದು ಅಲ್ಲೇ ನಿಂತಿತು. ಅದರ ತುದಿಯಲ್ಲಿ ಪರಮಾಣುಗಳು ಹೊಸ ಸಾಲಿಗೆ ಸರಿದು, ಸೀಳುವ ಬಲವನ್ನು ತಾವೇ ನುಂಗಿ, ಉಬ್ಬಿ, ಬಿರುಕಿನ ಬಾಯಿ ಒತ್ತಿ ಹಿಡಿಯುತ್ತವಂತೆ. ಕಷ್ಟ ಬಂದಾಗ ಗಟ್ಟಿಯಾಗುವ ಇಂಥದೊಂದು ವಸ್ತುವನ್ನು ನಾನು ಕಳಪೆ ಎಂದಿದ್ದೆ.

ನಾನು ಹಬ್ಬಿಸಿದ ಮಾತಿನ ಬಿರುಕಿಗೆ ಅಲ್ಲೇ ನಿಲ್ಲುವ ಆ ಗುಣ ಇರಲಿಲ್ಲ. ಲಚ್ಚಮ್ಮನ ಮುಂದೆ ನಿಂತು ಪರಮಾಣುಗಳ ಸಾಲನ್ನೆಲ್ಲ ವಿವರಿಸಿದೆ. ಮೀನಿನಿಂದ ಕಣ್ಣೆತ್ತದೆ ಅವಳು ಕೇಳಿದಳು: "ಮನಿಯಗ್ ಬೈದ್ರಾ ಮೇಷ್ಟ್ರೇ?"

ಈಗ ವಾರಕ್ಕೆರಡು ದಿನ ವರ್ಕ್‌ಶಾಪಿನಲ್ಲಿ ನಿಂತು ಗಿರಾಕಿಗಳಿಗೆ ಪಟ್ಟಿ ಬಗ್ಗಿಸಿ ತೋರಿಸುವುದು ನನ್ನ ಕೆಲಸ. ಗೇಟಿನವರೂ ಮರಳಿ ಬಂದರು. ಎಲ್ಲವನ್ನೂ ನೋಡಿ, ಈ ಮೇಷ್ಟ್ರ ಮಾತು ನಂಬಬಹುದೇ ಎಂದು ರಾಘುವನ್ನು ವಿಚಾರಿಸಿದರು.

ಅವನು ನನ್ನನ್ನೊಮ್ಮೆ, ಪಟ್ಟಿಯನ್ನೊಮ್ಮೆ ನೋಡಿದ.

"ಸ್ಟೀಲ್ ನಂಬ್ಲಕ್."