ಬೀಗರಿಗೆ ಹಾರ ಹಾಕಬೇಡಿ

ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆ. ಸ್ಥಳ: ಹುಮನಾಬಾದಿನ ನಮ್ಮ ಮನೆ. ಹಾಜರಿದ್ದವರು: ನಾನು, ನಮ್ಮ ಬೀಗರು, ಹೊರಗೆ ಹಾರ್ನ್ ಹೊಡೆಯುತ್ತಿದ್ದ ಆಟೋದವನು.

ನಮ್ಮ ಕಡೆ ಸನ್ಮಾನ ಮಾಡಿಸಿಕೊಳ್ಳದೆ ಬದುಕುವುದು ಕಷ್ಟ. ದಾರಿ ಕೇಳಲು ನಿಂತರೂ ಶಾಲು ಹೊದಿಸಿ ಕಳಿಸುತ್ತಾರೆ! ಅಂಥದ್ದರಲ್ಲಿ ನಮ್ಮ ಬೀಗರು, ಅಂದರೆ ನನ್ನ ಮಗಳ ಮಾವ, ಹಾರ ಕಂಡರೆ ಹಾವು ಕಂಡವರಂತೆ ಓಡುತ್ತಾರೆ.

ಓಡಲಿ, ನನಗೇನು? ಆದರೆ ಕಲೆಯ ಕೆಲಸಕ್ಕೆ ನೆರವು ಕೇಳುವ ಸೇವಾಸಂಸ್ಥೆಗಳ ಪ್ರಸ್ತಾವ ನೋಡಿ ಅಂಕ ಕೊಡಲು ಒಂದು ಟ್ರಸ್ಟಿನವರು ನೇಮಿಸಿರುವುದು ನಮ್ಮಿಬ್ಬರನ್ನೇ! ಅರ್ಜಿ ಮೂರು, ಮೂರೂ ಕಡೆ ಹೋಗಿ ನೋಡಬೇಕು; ನೆರವು ಒಂದಕ್ಕೆ ಮಾತ್ರ. ಇಬ್ಬರೂ ಒಪ್ಪಿ ಸಹಿ ಹಾಕಿದ ವರದಿ ಅಂದೇ ಬಸವಕಲ್ಯಾಣದ ಟ್ರಸ್ಟ್ ಕಚೇರಿ ಮುಟ್ಟದಿದ್ದರೆ ಈ ವರ್ಷ ಯಾರಿಗೂ ಏನೂ ಇಲ್ಲ. ನಾನು ಒಂದೊಂದೇ ಕಾಲಂ ಓದಿ ಅಂಕ ಹಾಕುವವನು. ಬೀಗರದು ಒಂದೇ ಕಾಲಂ: ಸನ್ಮಾನಕ್ಕೆ ಬಂದರೆ ಸೊನ್ನೆ!

"ನಮಗ ಶಾಲು ತರಾಕ ಹೋದ ಹೊತ್ತಿನ್ಯಾಗ ಒಂದು ಪದ ಹಾಡಾಕ ಕಲೀಬಹುದಿತ್ತಲ್ರಿ?" ಎನ್ನುತ್ತಾರೆ. ಎದುರಾಡುವುದು ಹೇಗೆ? ನಾನು ಹೆಣ್ಣು ಕೊಟ್ಟವನು!

ಮಾಣಿಕನಗರದ ಸಂಸ್ಥೆಯವರು ಬ್ಯಾಂಡು ಬಾರಿಸುತ್ತ ಎದುರುಗೊಂಡರು. ಬೀಗರು ಆಟೋದಿಂದ ಇಳಿಯಲೇ ಇಲ್ಲ.

"ಇಳೀರಿ ಸಾಹೇಬ್ರ, ಒಂದ ಶಾಲು!"

"ನಂಗೇನ ಥಂಡಿ ಹತ್ತಿಲ್ಲೋ ತಮ್ಮಾ!"

ಸೊನ್ನೆ.

ಬಸವಕಲ್ಯಾಣದ ಸಂಸ್ಥೆಯವರಿಗೆ ಅಷ್ಟರಲ್ಲಿ ಫೋನು ಹೋಗಿತ್ತು. ಶಾಲು ಬೇಡವೆಂದು ತಿಳಿದು ಪೇಟಾ ತಂದಿದ್ದರು! ಹಿಂದಿನಿಂದ ಬಂದು ತಲೆಗೆ ಇಟ್ಟೇಬಿಟ್ಟರು. ಅವರ ಕೋಲಾಟ ಚೆನ್ನಾಗಿತ್ತು; ಬೀಗರ ಮುಖ ಚೆನ್ನಾಗಿರಲಿಲ್ಲ. ಮತ್ತೊಂದು ಸೊನ್ನೆ. ಇನ್ನೊಂದು ಸೊನ್ನೆ ಬಿದ್ದರೆ ವರದಿಯೇ ಇಲ್ಲ! ಗಡಿಯಾರ ನೋಡಿದೆ, ಮತ್ತೆ ನೋಡಿದೆ.

ಉಳಿದದ್ದು ಮಂಠಾಳದ ಮಹಿಳಾ ಸಂಘ. ವಯಸ್ಸಾದ ಹೆಂಗಸರು ದಿನಾ ಇಳಿಹೊತ್ತಿನಲ್ಲಿ ಕೂಡಿ ಪದ ಹಾಡುತ್ತಾರೆ. ಹಾಡುವ ಕೋಣೆಯನ್ನು ಮಾಲೀಕ ತಿಂಗಳ ಕೊನೆಗೆ ಬಿಡಿಸುವವನಿದ್ದ. ಬೇರೆ ಕೋಣೆಗೆ ನೆರವು ಕೇಳಿದ್ದರು.

ಬೀಗರು ಹೊಸ್ತಿಲಲ್ಲೇ ನಿಂತರು. "ಹಾರ ಗೀರ ತಂದಾರೇನ್ರಿ?"

"ಇಲ್ರಿ, ಇಲ್ಲ," ಎಂದೆ, ನೋಡದೆಯೇ!

ಕಾಲಿಟ್ಟರೆ, ಹಲೀಮಾಬಿ ಎಂಬ ಹಿರಿಯಾಕೆಯ ಕೈಯಲ್ಲಿ ಚೆಂಡುಹೂವಿನ ಹಾರ! ಮುಗಿಯಿತು ಎಂದುಕೊಂಡೆ. ಆದರೆ ಆಕೆ ಪದ ನಿಲ್ಲಿಸಲಿಲ್ಲ. ಹಾಡುತ್ತಲೇ ಎದ್ದು, ಹಾಡುತ್ತಲೇ ಬೀಗರ ಕೊರಳಿಗೆ ಹಾಕಿ, ತಾಳ ತಪ್ಪದೆ ಹೋಗಿ ಕುಳಿತಳು. ಬೀಗರು ಓಡುವುದನ್ನೇ ಮರೆತು ಚಾಪೆಯ ಮೇಲೆ ಕುಳಿತುಬಿಟ್ಟರು.

ಪದ ಮುಗಿದ ಮೇಲೆ ನಾನು ಪೆನ್ನು ತೆಗೆದೆ. ಅವರ ಅರ್ಜಿಯಲ್ಲಿ 'ನೆರವು ಸಿಗದಿದ್ದರೆ ಆಗುವ ಪರಿಣಾಮ' ಎಂಬಲ್ಲಿ ಏನೂ ಬರೆದಿರಲಿಲ್ಲ. ಖಾಲಿ ಬಿಟ್ಟರೆ ಅಂಕವಿಲ್ಲ. ಆದರೆ ಸ್ಥಳದಲ್ಲೇ ಕೇಳಿ ಬರೆದುಕೊಳ್ಳಲು ನಿಯಮದಲ್ಲಿ ಅವಕಾಶವಿದೆ.

"ನೆರವು ಸಿಗಲಿಲ್ಲಂದ್ರ ಏನಾಗ್ತದಮ್ಮಾ?"

"ಏನ ಆಗ್ತದ್ರಿ ಸಾಹೇಬ್ರ? ನಾವೇನ ಜಗಳಕ್ಕ ಬರಂಗಿಲ್ಲ ಬಿಡ್ರಿ!" ಹಲೀಮಾಬಿ ನಕ್ಕಳು. "ಸಂಜಿ ಆತಂದ್ರ ಈಕಿ ತನ್ನ ಮನ್ಯಾಗ, ನಾ ನಮ್ಮ ಮನ್ಯಾಗ, ಸುಮ್ಮ ಕುಂದರ್ತೀವಿ. ಅಷ್ಟ."

ನಾನು 'ಏಕಾಂಗಿತನ' ಎಂದು ಬರೆಯಲು ಹೊರಟೆ. ಬೀಗರು ನನ್ನ ಕೈ ಹಿಡಿದರು.

"ಬ್ಯಾಡ್ರಿ ಬೀಗರ. ಆಕಿ ಹೇಳಿದಂಗ ಬರೀರಿ."

ಹಾಗೆಯೇ ಬರೆದೆ. ಬೀಗರು ಸೊನ್ನೆಯ ಮಾತೆತ್ತಲಿಲ್ಲ. ನೆರವು ಮಂಠಾಳದ ಸಂಘಕ್ಕೆಂದು ಅಂಕ ಕೂಡಿಸಿ, ಇಬ್ಬರೂ ಸಹಿ ಹಾಕಿ, ಲಕೋಟೆ ಅಂಟಿಸಿ, ಕಚೇರಿಯ ಬಾಗಿಲು ಹಾಕುವ ಮುನ್ನ ಒಪ್ಪಿಸಿದೆವು.